ಅಮ್ಮಣ್ಣಿ ಆರಿಸಿದ ರೈಫಲ್

ಅಮ್ಮಣ್ಣಿಯ ಅಪ್ಪ ಗುಂಡ್ಲುಪೇಟೆಯ ಕಡೆ ಫಾರೆಸ್ಟ್ ರೇಂಜರ್ ಆಗಿದ್ದವರು. ಗಂಡುಮಕ್ಕಳಿಲ್ಲದ ಅವರು ಮಗಳಿಗೇ ಗುರಿಯಿಡುವುದನ್ನು ಕಲಿಸಿದರು. ಸಾಯುವಾಗ ತಮ್ಮ ಜರ್ಮನ್ ಮೌಸರ್ ರೈಫಲನ್ನೂ ಅವಳಿಗೇ ಬಿಟ್ಟುಹೋದರು. ಲೈಸೆನ್ಸು ಅವಳ ಹೆಸರಿನಲ್ಲೇ ಆಯಿತು. ಮದುವೆಯ ಮೇಲೆ ಬಂದು ಸೇರಿದ ಸಯನ್ನಿನ ಫ್ಲಾಟಿನಲ್ಲಿ ಅದು ಬೀರುವಿನೊಳಗೆ, ರೇಷ್ಮೆ ಸೀರೆಗಳ ಹಿಂದೆ ನಿಂತಿರುತ್ತಿತ್ತು. ಗಂಡ ಸತ್ಯಮೂರ್ತಿಗೆ ಅದು ಕಣ್ಣಲ್ಲಿ ಬಿದ್ದ ಕಸ. 'ಮೂರ್ತಿಯವರ ಮನೆಯಲ್ಲಿ ಕೋವಿ ಹೆಂಡತಿಯದು' ಎಂದು ಬಿಲ್ಡಿಂಗಿನವರು ಯಾರೋ ನಕ್ಕಿದ್ದನ್ನು ಅವನು ಮರೆತಿರಲಿಲ್ಲ.

ಸಾವಿರದ ಒಂಬೈನೂರ ಅರವತ್ತೆಂಟರಲ್ಲಿ, ಚೆಂಬೂರಿನಲ್ಲಿ ಅವನು ಕೆಲಸ ಮಾಡುತ್ತಿದ್ದ ಕಾರ್ಖಾನೆಯ ದೊಡ್ಡ ಸಾಹೇಬರು ಮಧ್ಯಪ್ರದೇಶಕ್ಕೆ ಕಾಟಿ, ಅಂದರೆ ಕಾಡುಕೋಣದ ಬೇಟೆಗೆ ಹೊರಟರು. ಜೊತೆಗೆ ಇವನನ್ನೂ ಕರೆದರು. ಸತ್ಯಮೂರ್ತಿ ಹಿಗ್ಗಿಹೋದ. ಮಾವನ ರೈಫಲಿನ ತೋಟಾ ಕಾಟಿಗೆ ಸಾಲದು. ಅದಕ್ಕೆ ಬೇರೆ ನಳಿಗೆ ಹಾಕಿಸಿ ದೊಡ್ಡ ಬೇಟೆಯ, ಉದ್ದನೆಯ 'ಮುನ್ನೂರೆಪ್ಪತ್ತೈದರ' ತೋಟಾಕ್ಕೆ ಬದಲಾಯಿಸುವುದೆಂದು ಒಬ್ಬನೇ ತೀರ್ಮಾನಿಸಿದ.

"ನೀನು ಬಂದು ಸಹಿ ಹಾಕಿದರೆ ಸಾಕು" ಎಂದ.

ಫೋರ್ಟಿನ ಬಂದೂಕಿನಂಗಡಿಯ ಹಿಂದಿನ ವರ್ಕ್‌ಶಾಪಿನಲ್ಲಿ ಮಿಸ್ತ್ರಿ ಭೀಮರಾಯ ಕೂತಿದ್ದ. ಘಾಟ್ಕೋಪರಿನ ಚಾಳಿನಿಂದ ಬರುವ ವಿಜಾಪುರದ ಕಡೆಯವನು. ಬೆಂಚಿನ ಮೇಲೆ ಮೌಸರಿನ ಪಕ್ಕದಲ್ಲಿ ಅಂಗಡಿಯ ಇನ್ನೊಂದು ರೈಫಲ್ ಇಟ್ಟಿದ್ದ. ಮೊದಲ ಮಹಾಯುದ್ಧದ ಕಾಲದ ಎನ್‌ಫೀಲ್ಡ್. ತೂಕದ್ದು, ಒರಟು.

ಅಮ್ಮಣ್ಣಿ ಮೌಸರಿನ ಬೋಲ್ಟ್ ಎಳೆದು ಒಳಗೆ ನೋಡಿದಳು. "ಅಷ್ಟುದ್ದದ ತೋಟಾ ಈ ಮ್ಯಾಗಜಿನ್ನಿಗೆ ಹಿಡಿಯುತ್ತಾ?"

ಭೀಮರಾಯ ಅವಳತ್ತ ನೋಡಲೇ ಇಲ್ಲ. "ಅಕ್ಕಾರಿಗೆ ಹೊರಗ ಕುರ್ಚಿ ಹಾಕಿಸ್ಲೇನ್ರಿ, ಸಾಹೇಬ್ರ?"

"ಲೈಸೆನ್ಸ್ ನಂದು. ಉತ್ತರ ನನಗೆ ಹೇಳಿ."

"ಹಿಡಿಯಂಗಿಲ್ಲ. ಮ್ಯಾಗಜಿನ್ನಿನ ಮುಂದಿನ ಗೋಡಿ ಕೊರೀಬೇಕಾಗತೈತಿ."

"ಬೋಲ್ಟನ್ನ ಹಿಡಿದಿಡೋ ಕೆಳಗಿನ ಕಚ್ಚಿಗೆ ಆಸರೆ ಆ ಗೋಡೆಯೇ ಅಲ್ವಾ? ತೆಳ್ಳಗಾದರೆ ಗುಂಡು ಹಾರಿಸುವಾಗ ಕೋವಿ ಒಡೆಯೋ ಭಯ ಇಲ್ವಾ?"

"ಹೌದ್ರಿ, ತೆಳ್ಳಗ ಆಗತೈತಿ. ಆದ್ರ ಭಾಳ ಮಂದಿ ಮಾಡಿಸ್ಯಾರ. ನಾ ಮಾಡಿದ್ದು ಒಂದೂ ಒಡದಿಲ್ಲ."

ಅವಳು ಎನ್‌ಫೀಲ್ಡನ್ನು ಎತ್ತಿ ಭುಜಕ್ಕಿಟ್ಟು ನೋಡಿದಳು. "ಇದು?"

"ಇದಕ್ಕ ಹಿಡಿತೈತಿ. ಉದ್ದ ಐತಿ, ಉಕ್ಕೂ ದಪ್ಪ. ನೋಡಾಕ ಅಷ್ಟ ಕ್ವಾಣ ಇದ್ದಂಗ ಐತಿ."

"ಇದನ್ನ ತಗೊಳ್ಳಿ" ಎಂದಳು ಗಂಡನಿಗೆ. "ನಿಮ್ಮ ಹೆಸರಲ್ಲಿ ಲೈಸೆನ್ಸ್ ಮಾಡಿಸಿಕೊಳ್ಳಿ. ಅಪ್ಪನದಕ್ಕೆ ಅರ ಮುಟ್ಟಿಸೋಕೆ ಬಿಡಲ್ಲ."

ಸತ್ಯಮೂರ್ತಿಯ ಮುಖ ಕಪ್ಪಿಟ್ಟಿತು. "ಒನಕೆ ಥರ ಇರೋದನ್ನ ಹಿಡಕೊಂಡು ಸಾಹೇಬರ ಮುಂದೆ ನಿಲ್ಲಲಾ? ಸುಮ್ಮನೆ ಸಹಿ ಹಾಕು. ನಿಮ್ಮಪ್ಪ ಸತ್ತಾಯಿತು."

"ನಾನಿನ್ನೂ ಸತ್ತಿಲ್ಲ."

ಭೀಮರಾಯ ಕೈಯಲ್ಲಿದ್ದ ಅರವನ್ನು ಬೆಂಚಿಗೆ ಎಸೆದ. "ಮನಿ ಜಗಳ ಮನ್ಯಾಗ ಮುಗಿಸ್ಕೊಂಡು ಬರ್ರಿ. ಲೈಸೆನ್ಸ್ ಇದ್ದೋರು ಒಲ್ಲೆ ಅಂದ ಮ್ಯಾಲ ನಾ ಮುಟ್ಟಂಗಿಲ್ಲ."

ಮನೆಯಲ್ಲಿ ಜಗಳ ಮುಗಿಯಲಿಲ್ಲ. ಸತ್ಯಮೂರ್ತಿ ಅವಳ ಕೈಯಡುಗೆ ಬಿಟ್ಟು ಮಾಟುಂಗದ ಹೋಟೆಲಿನಲ್ಲಿ ಉಣ್ಣತೊಡಗಿದ. ಒಂದು ಸಂಜೆ ಅವನು ಬೀರುವಿನ ಬಾಗಿಲನ್ನು ಮೀಟುತ್ತಿದ್ದುದನ್ನು ಕಂಡ ಮೇಲೆ ಅವಳು ಬೀಗದ ಕೈಯನ್ನು ತಾಳಿಯ ಜೊತೆಗೇ ಕೊರಳಿಗೆ ಹಾಕಿಕೊಂಡಳು. ಬೇಟೆಯ ದಿನ ಹತ್ತಿರ ಬಂತು. ಬೇರೆ ದಾರಿ ಕಾಣದೆ ಅವನು ಎನ್‌ಫೀಲ್ಡನ್ನೇ ತಗೊಂಡ. ಭೀಮರಾಯ ಅದಕ್ಕೆ ಹೊಸ ನಳಿಗೆ ಕೂರಿಸಿ, ಮ್ಯಾಗಜಿನ್ ಸರಿಪಡಿಸಿ, ಕೆಲಸವನ್ನು ಅಚ್ಚುಕಟ್ಟಾಗಿ ಮಾಡಿಕೊಟ್ಟ.

ಅದರಿಂದಲೇ ಸತ್ಯಮೂರ್ತಿ ಒಂದು ಒಂಟಿ ಕಾಟಿಯನ್ನು ಕೆಡವಿದ. ಕೆಲವು ತಿಂಗಳ ಮೇಲೆ ಅದರ ತಲೆ, ಹುಲ್ಲು ತುಂಬಿ ಗಾಜಿನ ಕಣ್ಣಿಟ್ಟುಕೊಂಡು, ಲಾರಿಯಲ್ಲಿ ಸಯನ್ನಿಗೆ ಬಂತು. ಹಜಾರದ ಗೋಡೆಯನ್ನೆಲ್ಲ ಅದೇ ನುಂಗಿತು. ಅಪ್ಪ ಕಾಡಿನಲ್ಲಿ ಕಾಟಿಗಳನ್ನು ದೂರದಿಂದ ತೋರಿಸಿ, ಉಸಿರು ಬಿಗಿಹಿಡಿದು ನಿಲ್ಲುವಂತೆ ಹೇಳುತ್ತಿದ್ದುದು ಅಮ್ಮಣ್ಣಿಗೆ ನೆನಪಾಯಿತು. ಅವಳು ಹಜಾರದಲ್ಲಿ ಕೂರುವುದನ್ನೇ ಬಿಟ್ಟಳು.

"ತೆಗೆಸಿ" ಎಂದು ಒಮ್ಮೆ ಕೇಳಿದಳು.

"ಬೀರುವಿನಲ್ಲಿರೋದನ್ನ ಮಾರು, ತೆಗೆಸ್ತೀನಿ."

ಅವಳು ಮಾರಲಿಲ್ಲ. ಅವನು ಬೇರೆ ರೀತಿಯಲ್ಲಿ ಹಗೆ ಸಾಧಿಸಿದ. ಬಂದ ನೆಂಟರಿಗೆಲ್ಲ ತಲೆಯನ್ನು ತೋರಿಸಿ, ಅವಳಿಗೆ ಕೇಳಿಸುವಂತೆ, "ರೈಫಲ್ ಆರಿಸಿದವಳು ನಮ್ಮ ಮನೆಯವಳೇ. ಪುಣ್ಯವೆಲ್ಲ ಅವಳದ್ದು" ಎನ್ನುತ್ತಿದ್ದ. ಆ ಮಾತು ಅವಳನ್ನು ಒಳಗೊಳಗೇ ಕೊರೆಯಿತು. ಸುಳ್ಳಾಗಿದ್ದರೆ ಸಹಿಸಬಹುದಿತ್ತು.

ಎಪ್ಪತ್ತೆರಡರಲ್ಲಿ ವನ್ಯಜೀವಿಗಳ ಕಾಯಿದೆ ಬಂದು ಬೇಟೆಗೆ ಬಾಗಿಲು ಮುಚ್ಚಿತು. ಸತ್ಯಮೂರ್ತಿಗೆ ಉಳಿದದ್ದು ಕಥೆ ಹೇಳುವ ಚಟವೊಂದೇ. ಅದೇ ವರ್ಷ ಕಾಫಿಗೆ ಬಂದ ದೊಡ್ಡ ಸಾಹೇಬರ ಹೆಂಡತಿ ಸುಬ್ಬಲಕ್ಷ್ಮಿ, ಅವನ ಮಾತು ಕೇಳಿ ಅಮ್ಮಣ್ಣಿಯತ್ತ ತಿರುಗಿ, "ನಿಜವೇನ್ರೀ?" ಎಂದರು.

ಅಮ್ಮಣ್ಣಿ ಲೋಟಗಳನ್ನು ಕೆಳಗಿಟ್ಟಳು. "ನಿಜ. ಇವರ ಕೈಯಲ್ಲಿ ಕೋವಿ ಒಡೆಯದಿರಲಿ ಅಂತ ಆರಿಸಿದೆ. ಈಗಾಗಿದ್ರೆ ಅಷ್ಟು ಯೋಚನೆ ಮಾಡ್ತಿರಲಿಲ್ಲ."

ಸತ್ಯಮೂರ್ತಿ ರೈಫಲ್ ಆರಿಸಿದ ಮಾತನ್ನು ಮತ್ತೆಂದೂ ಆಡಲಿಲ್ಲ, ತಲೆಯನ್ನು ತೆಗೆಸಲೂ ಇಲ್ಲ. ಅಮ್ಮಣ್ಣಿ ಅಡುಗೆಮನೆಯ ಕಿಟಕಿಯ ಕೆಳಗೆ ಚಾಪೆ ಹಾಸಿಕೊಂಡು, ಅಲ್ಲೇ ಒಬ್ಬಳೇ ಉಣ್ಣುತ್ತಿದ್ದಳು.