ಬ್ಯಾಕ್ಟೀರಿಯಾಕ್ಕೆ ಕೆನೆ ಹಾಲು

ನನಗೆ ಪಿಎಚ್.ಡಿ. ಸಿಕ್ಕಿದ್ದು ಒಂದು ಬ್ಯಾಕ್ಟೀರಿಯಾದಿಂದ. ಅದು ಕೈತಪ್ಪುವುದರಲ್ಲಿದ್ದದ್ದು ನಮ್ಮ ದೊಡ್ಡವ್ವನ ಧಾರಾಳತನದಿಂದ. ಇಬ್ಬರಲ್ಲಿ ಯಾರ ಮೇಲೂ ನನಗೆ ಸಿಟ್ಟಿಲ್ಲ.

ಎಂಬತ್ತರ ದಶಕದ ನಡುವಿನ ಮಾತು. ಧಾರವಾಡದ ಪ್ರಯೋಗಾಲಯವೊಂದರಲ್ಲಿ ಸಂಶೋಧನೆ ಮಾಡುತ್ತಿದ್ದೆ. ನಮ್ಮೂರು ಕುಬಿಹಾಳದ ಹೊಲದ ಎರೆಮಣ್ಣಿನಲ್ಲಿ ಸಿಕ್ಕ ಬ್ಯಾಕ್ಟೀರಿಯಾವೊಂದು ಪ್ರೋಟಿಯೇಸ್ ಎಂಬ ಕಿಣ್ವವನ್ನು ಹೊರಬಿಟ್ಟು, ಸುತ್ತಲಿನ ಪ್ರೋಟೀನನ್ನು ತುಂಡರಿಸಿ ತಿನ್ನುತ್ತಿತ್ತು. ಆ ಕಿಣ್ವದ ಜೀನನ್ನು ಕತ್ತರಿಸಿ ತೆಗೆದು, ಪ್ರಯೋಗಾಲಯದಲ್ಲೇ ಸಾಕಿದ ಇನ್ನೊಂದು ಸಾಧು ಬ್ಯಾಕ್ಟೀರಿಯಾದೊಳಗೆ ಸೇರಿಸಿ, ಅದರ ಕೈಯಲ್ಲೂ ಅದೇ ಕಿಣ್ವ ಮಾಡಿಸುವುದು ನನ್ನ ಕೆಲಸ. ಪರವೂರಿನ ಅಡುಗೆಯವನಿಗೆ ನಮ್ಮ ಝುಣಕ ಕಲಿಸಿದ ಹಾಗೆ.

ಆದರೆ ಅವನು ಕಲಿತನೋ ಇಲ್ಲವೋ ತಿಳಿಯುವುದು ಹೇಗೆ? ಅದಕ್ಕೆ ಹಾಲು ಬೇಕು. ಕೆನೆ ತೆಗೆದ ಹಾಲನ್ನು ಕಡಲಪಾಚಿಯ ಅಂಟಾದ ಅಗರ್‌ನಲ್ಲಿ ಬೆರೆಸಿ ಗಾಜಿನ ತಟ್ಟೆಗೆ ಸುರಿದರೆ ಬೆಳ್ಳಗೆ ಗಟ್ಟಿಯಾಗುತ್ತದೆ. ಅದರ ಮೇಲೆ ಬೆಳೆದ ಬ್ಯಾಕ್ಟೀರಿಯಾ ಕಿಣ್ವ ಮಾಡುತ್ತಿದ್ದರೆ, ಹಾಲಿನ ಪ್ರೋಟೀನು ಕರಗಿ ಸುತ್ತಲೂ ತಿಳಿಯಾದ ಉಂಗುರ ಮೂಡುತ್ತದೆ.

ಪ್ರಯೋಗಾಲಯದ ಹಾಲಿನ ಪುಡಿ ಮುಗಿದಿತ್ತು. ಹೊಸ ಡಬ್ಬಿಯ ಅರ್ಜಿ ಸಹಿಯಿಂದ ಸಹಿಗೆ ಅಲೆಯುತ್ತಿತ್ತು. ನಾನು ಎದೆಯುಬ್ಬಿಸಿ ನಮ್ಮ ಗೈಡ್ ಮೇಡಂ ಅವರಿಗೆ, "ನಮ್ಮನ್ಯಾಗ ಎರಡ ಎಮ್ಮಿ ಅದಾವ್ರಿ, ಚಿಂತಿ ಬಿಡ್ರಿ" ಅಂದೆ. ಅಂದಿನಿಂದ ಪ್ರತಿ ಸೋಮವಾರ ನಸುಕಿನಲ್ಲಿ, ಮನೆಯ ಹಾಲು-ಮೊಸರಿನ ಸರ್ವಾಧಿಕಾರಿಯಾದ ದೊಡ್ಡವ್ವ ನನ್ನೆದುರಿಗೇ ಕೆನೆ ತೆಗೆದು ಕ್ಯಾನು ತುಂಬಿಸಿ ಕೊಡುತ್ತಿದ್ದಳು. ನಾನು ಅದನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಕೂರುತ್ತಿದ್ದೆ.

ಎರಡು ತಿಂಗಳು ತಟ್ಟೆಗಳನ್ನು ಕಣ್ಣು ನೋಯುವಷ್ಟು ನೋಡಿದೆ. ಉಂಗುರವಿಲ್ಲ. ಮೇಡಂ ಮೆತ್ತಗೆ, "ಈ ತಿಂಗಳದಾಗ ಒಂದರೆ ಉಂಗುರ ಕಾಣಬೇಕಪಾ. ಇಲ್ಲಂದ್ರ ಇದನ್ನ ಬಿಟ್ಟು ಬ್ಯಾರೆ ವಿಷಯ ಹಿಡಿಯೂಣು" ಎಂದರು. ಎರಡು ವರ್ಷದ ದುಡಿಮೆ ನೀರುಪಾಲಾಗುವುದರಲ್ಲಿತ್ತು.

ಆಗ, ಮೊದಲ ದಿನವೇ ಮಾಡಬೇಕಿದ್ದ ಕೆಲಸವನ್ನು ಮಾಡಿದೆ. ಹೊಲದ ಮೂಲ ಬ್ಯಾಕ್ಟೀರಿಯಾವನ್ನೇ ಆ ತಟ್ಟೆಯ ಮೇಲೆ ಬೆಳೆಸಿದೆ. ಹುಟ್ಟಾ ಪ್ರೋಟೀನ್ ತಿನ್ನುವ ಅದರ ಸುತ್ತಲೂ ಉಂಗುರವಿಲ್ಲ! ಸೋಲಿಗೆ ಅಷ್ಟು ಸಂತೋಷಪಟ್ಟವರು ಕಡಿಮೆ. ತಪ್ಪು ಜೀನಿನದಲ್ಲ, ಹಾಲಿನದು.

ಭಾನುವಾರ ಊರಿಗೆ ಹೋದವನೇ ಕೇಳಿದೆ: "ದೊಡ್ಡವ್ವಾ, ಖರೇ ಹೇಳು. ತಗದ ಕೆನಿ ಏನ್ ಮಾಡತಿ?"

"ತಿರುಗಿ ಅದರಾಗ ಹಾಕತೇನಿ" ಎಂದಳು, ಎಳ್ಳಷ್ಟೂ ಅಳುಕಿಲ್ಲದೆ. "ನೀ ಚೀಲಾ ತರಾಕ ಹ್ವಾದಾಗ ಕಡಗೋಲಿಲೆ ಛಲೋತ್ನಾಗಿ ಕಲಿಸಿಬಿಡತೇನಿ. ಕೆನಿ ತಗದ ಹಾಲು ಮಂದಿಗೆ ಕಳಿಸಿದ್ರ ನಮ್ಮ ಮನಿತನದ ಮರ್ಯಾದಿ ಏನಾಗಬೇಕಲೇ? ಅದರಾಗ ಕುಡಿಯೂದು ಬಾಯಿಲ್ಲದ ಜೀವ ಅಂತಿ!"

ಕಿಣ್ವ ಕರಗಿಸುವುದು ಪ್ರೋಟೀನನ್ನು. ಕೊಬ್ಬಿಗೂ ಅದಕ್ಕೂ ಸಂಬಂಧವಿಲ್ಲ. ಪ್ರೋಟೀನು ಹೋದ ಜಾಗದಲ್ಲೂ ದೊಡ್ಡವ್ವನ ಕೆನೆ ಬೆಳ್ಳಗೆ ಕೂತು, ನನ್ನ ಉಂಗುರಗಳನ್ನು ಮುಚ್ಚಿಬಿಟ್ಟಿತ್ತು.

ಮರುದಿನ ನಾನು ಕ್ಯಾನಿನ ಪಕ್ಕದಿಂದ ಅಲುಗಲಿಲ್ಲ. ನಿಜವಾಗಿಯೂ ಕೆನೆ ತೆಗೆದ ಹಾಲನ್ನು ದೊಡ್ಡವ್ವ ಮುಖ ತಿರುಗಿಸಿಕೊಂಡೇ ಕೊಟ್ಟಳು. "ಯಾರರೆ ಕೇಳಿದ್ರ ನಮ್ಮನೀದಂತ ಹೇಳಬ್ಯಾಡ."

ಜೀನು ಸೇರಿಸಿ ಫ್ರಿಜ್ಜಿನಲ್ಲಿ ಕಾಯ್ದಿಟ್ಟಿದ್ದ ನೂರಾರು ಬ್ಯಾಕ್ಟೀರಿಯಾ ಚುಕ್ಕೆಗಳನ್ನು ಹೊಸ ತಟ್ಟೆಗಳಿಗೆ ಒಂದೊಂದಾಗಿ ಮುಟ್ಟಿಸಿದೆ. ಮೂರನೆಯ ಬೆಳಿಗ್ಗೆ ನೋಡಿದರೆ, ಎಲ್ಲ ಚುಕ್ಕೆಗಳ ನಡುವೆ ಒಂದರ ಸುತ್ತ ಸಣ್ಣ ಉಂಗುರ, ಕೆಳಗಿನ ಮೇಜಿನ ಗೆರೆ ಕಾಣುವಷ್ಟು ತಿಳಿ. ಪರವೂರಿನವನು ಝುಣಕ ಮಾಡಿದ್ದ! ಮೇಡಂ ಕನ್ನಡಕ ಏರಿಸಿ, ಇಳಿಸಿ, ಮತ್ತೆ ಏರಿಸಿ ನೋಡಿ, "ಅಗದಿ ಖರೇನ ಬಂದದಲ್ಲೋ!" ಎಂದರು. ನಾನು ವೆರಾಂಡಕ್ಕೆ ಓಡಿಹೋಗಿ, ಗುರುತಿಲ್ಲದವರಿಗೂ ನಮಸ್ಕಾರ ಹೇಳಿದೆ.

ಆ ವಾರ ಊರಿಗೆ ಹೋಗಿ, ಅಡುಗೆಮನೆಯಲ್ಲಿ ಕೂತು, ಜೀನಿನಿಂದ ಹಿಡಿದು ಉಂಗುರದವರೆಗೆ ಎಲ್ಲವನ್ನೂ ದೊಡ್ಡವ್ವನಿಗೆ ಬಿಡಿಸಿ ಹೇಳಿದೆ. ರೊಟ್ಟಿ ಬಡಿಯುತ್ತಲೇ ಪೂರ್ತಿ ಕೇಳಿದಳು.

"ಇಷ್ಟ ಏನು? ಮೊದಲ ದಿನಾನ ಹೇಳಿದ್ದರ ಒಂದ ಹನಿ ಕೆನಿ ಬೀಳಗೊಡತಿದ್ದಿಲ್ಲ. ನೀ ಬರೇ 'ತಗಿ' ಅಂದಿ. ಯಾಕಂತ ಒಮ್ಮೆರೆ ಹೇಳಿದೇನು?"

ಒಂದು ಜೀವಿಯ ವಿದ್ಯೆಯನ್ನು ಇನ್ನೊಂದಕ್ಕೆ ತಿಳಿಸಲು ಎರಡು ವರ್ಷ ಹೆಣಗಿದವನು ನಾನು. ದೊಡ್ಡವ್ವನಿಗೆ ಒಂದು ಮಾತು ತಿಳಿಸಿರಲಿಲ್ಲ. ಬ್ಯಾಕ್ಟೀರಿಯಾಕ್ಕೆ ಬೇಡವಾದ ಆ ವಾರದ ಕೆನೆಯನ್ನೆಲ್ಲ ಅವಳು ನನ್ನ ರೊಟ್ಟಿಯ ಮೇಲೆ ಸುರಿದಿದ್ದಳು, ಬಾಯಿ ತುಂಬಿತ್ತು.