ಮರಳಾನೆಯ ಕಣ್ಣು

ಬೇಸಿಗೆ ರಜೆ ಎಂದರೆ ಆಗ ನಮಗೆ ಊರು ಬಿಟ್ಟು ಹೋಗುವುದಲ್ಲ, ಅಂಗಳ ಬಿಟ್ಟು ಒಳಗೆ ಬರದೇ ಇರುವುದು. ತೊಂಬತ್ತರ ದಶಕದ ಕೊನೆಯ ಅಂಥದೊಂದು ಬೇಸಿಗೆಯಲ್ಲಿ, ಚಿಕ್ಕನಾಯಕನಹಳ್ಳಿ ಕಡೆಯ ನಮ್ಮ ಮನೆಯ ಮುಂದೆ ಒಂದು ಟ್ರ್ಯಾಕ್ಟರ್ ಮರಳು ಬಂದು ಬಿತ್ತು. ಹಳ್ಳದ ಮರಳು, ಇನ್ನೂ ಹಸಿ. ಕೊಬ್ಬರಿ ಸುಲಿದ ಸಿಪ್ಪೆಯ ಘಾಟಿನ ನಡುವೆ ಅದರ ತಣ್ಣನೆಯ ಕೆಸರು ವಾಸನೆ ಹಿತವಾಗಿತ್ತು. ಬಂದದ್ದು ಮಾತ್ರ ಅಂಗಳದ ನಡುವೆ ಗೋಡೆ ಕಟ್ಟುವುದಕ್ಕೆ. ಅಪ್ಪನಿಗೂ ಚಿಕ್ಕಪ್ಪನಿಗೂ ಪಾಲಾಗಿ, ಮನೆಗೆ ಆಗಲೇ ಇನ್ನೊಂದು ಬಾಗಿಲು ಇಟ್ಟಾಗಿತ್ತು. ಅಜ್ಜಿ ನಮ್ಮ ಪಾಲಿಗೆ ಬಂದಿದ್ದಳು.

ಜಗಳ ಯಾಕೆ ಬಂತೋ ನನಗೆ ಇವತ್ತಿಗೂ ಸರಿಯಾಗಿ ಗೊತ್ತಿಲ್ಲ. ಅಟ್ಟದ ಕೊಬ್ಬರಿಯಿಂದ ಶುರುವಾಯಿತು ಎನ್ನುತ್ತಾರೆ. ಚಿಕ್ಕಪ್ಪನ ಮಗಳು ಗಿರಿಜೆ ಹೆಚ್ಚುಕಡಿಮೆ ನನ್ನ ವಯಸ್ಸಿನವಳೇ. ಅವಳು ನಮ್ಮ ಹೊಸಿಲು ತುಳಿಯಬಾರದು, ನಾನು ಅವರದನ್ನು ತುಳಿಯಬಾರದು ಎಂದು ಕಟ್ಟಪ್ಪಣೆಯಾಯಿತು. ಆದರೆ ಮರಳು ಎರಡೂ ಮನೆಯವರು ಸೇರಿ ತರಿಸಿದ್ದು, ಬಿದ್ದದ್ದೂ ನಟ್ಟನಡುವೆ. ಅದರ ಮೇಲೆ ಕೂತರೆ ಯಾರೂ ಯಾರ ಮನೆಗೂ ಹೋದ ಹಾಗಾಗುತ್ತಿರಲಿಲ್ಲ. ನಮ್ಮಿಬ್ಬರಿಗೆ ಉಳಿದಿದ್ದ ಜಾಗ ಅದೊಂದೇ. ಮರಳು ಮುಗಿದರೆ ಅದೂ ಮುಗಿಯಿತು.

ಅದರಲ್ಲಿ ಆನೆ ಮಾಡಿದೆವು. ಮಲಗಿದ ದೊಡ್ಡ ಆನೆ. ಸೊಂಡಿಲು ಒಣಗಿದ ಕೂಡಲೇ ಉದುರುತ್ತಿತ್ತು. ಗಿರಿಜೆ ಒಳಗೆ ತೆಂಗಿನ ಗರಿಕಡ್ಡಿ ಇಟ್ಟು, ಸುತ್ತ ಮರಳು ಮೆತ್ತಿ ನಿಲ್ಲಿಸಿದಳು. ಕಿವಿಗೆ ಕಾಯಿಸಿಪ್ಪೆ. ಕಣ್ಣಿಗೆ ಮರಳಿನಲ್ಲೇ ಸಿಕ್ಕ ಎರಡು ಬಿಳಿ ಕಪ್ಪೆಚಿಪ್ಪು. ಒಂದನ್ನು ಅವಳು ಒತ್ತಿದಳು, ಇನ್ನೊಂದನ್ನು ನಾನು.

ಗಾರೆ ಕೆಲಸದ ರಂಗಣ್ಣನಿಗೆ ಆನೆಯಾದರೇನು, ಕುದುರೆಯಾದರೇನು? ಬೆಳಗ್ಗೆ ಬಂದವನೇ ಸನಿಕೆಯಲ್ಲಿ ಬಗೆದು ಬಾಂಡ್ಲಿಗೆ ಮರಳು ತುಂಬುತ್ತ ಆನೆಯ ಹಿಂಭಾಗ ಪೂರ್ತಿ ಎತ್ತಿಬಿಟ್ಟ. ನಾನು ಹೋ ಎಂದು ಅತ್ತೆ. ಗಿರಿಜೆ ಅಷ್ಟು ಸುಲಭಕ್ಕೆ ಅಳುವವಳಲ್ಲ. ಉಳಿದ ಅರ್ಧ ಆನೆಯ ಸುತ್ತ ಒಂದು ಸುತ್ತು ಬಂದಳು.

“ಗಣಪನ್ನ ಮಾಡಣ ಕಣೇ. ಕೂತಿರೋ ಗಣಪಂಗೆ ಹಿಂಗಾಲು ಬ್ಯಾಡ. ದೇವ್ರ ಮ್ಯಾಲೆ ಸನಿಕೆ ಇಕ್ತಾನಾ ಅವ್ನು?”

ಎಂಥ ತಲೆ ಅವಳದು! ನೀರು ಚಿಮುಕಿಸಿ ತಟ್ಟಿ ತಟ್ಟಿ ಹೊಟ್ಟೆ ಕೂರಿಸಿದೆವು. ಅಜ್ಜಿಯ ವಿಭೂತಿ ಕದ್ದು ತಂದು ನಾನು ಬಳಿದೆ, ಗಿರಿಜೆ ಕಣಗಿಲೆ ಹೂ ಮುಡಿಸಿದಳು. ಮಾರನೆಯ ದಿನ ರಂಗಣ್ಣ ಎತ್ತಿದ ಸನಿಕೆ ಹಾಗೇ ಇಳಿಸಿ ಕೈ ಮುಗಿದ. ಅಕ್ಕಪಕ್ಕದಿಂದಷ್ಟೇ ಕೆರೆದುಕೊಂಡು ಕೆಲಸ ಮಾಡಿದ. ಬುಡ ಸಡಿಲವಾಗಿ ಗಣಪ ವಾಲಿದಾಗ ಇಟ್ಟಿಗೆ ಚೂರು ಒತ್ತುಕೊಟ್ಟೆವು. ಹೊಟ್ಟೆ ಕುಸಿದಾಗ ಅದನ್ನೇ ಸವರಿ ಬಾಲಗಣಪ ಮಾಡಿದೆವು. ಗೋಡೆ ಮನೆ ಕಡೆಯಿಂದ ನಮ್ಮ ಹತ್ತಿರಕ್ಕೆ ಬರುತ್ತಲೇ ಇತ್ತು. ಆದರೂ ಗಣಪ ಕೂತಿರುವ ತನಕ ಅದು ಪೂರ್ತಿಯಾಗುವುದಿಲ್ಲ ಎಂಬ ಧೈರ್ಯ ನಮಗೆ.

ಕೊನೆಗೆ ಬೇರೆ ಮರಳೆಲ್ಲ ಮುಗಿಯಿತು. ಗೋಡೆಯಲ್ಲಿ ಗಣಪ ಕೂತಷ್ಟು ಅಗಲದ ಜಾಗ ಮಾತ್ರ ಬಾಕಿ. ರಂಗಣ್ಣ ಬೀಡಿ ಆರಿಸಿ, ಕೈ ತೊಳೆದು, ತುಂಬಿದ ಕೊಡ ತಂದು ನಮ್ಮೆದುರು ಕುಕ್ಕರಗಾಲಲ್ಲಿ ಕೂತ.

“ಗಣಪ ಅಂದ್ಮ್ಯಾಲೆ ನೀರಿಗೆ ಬುಡ್ಲೇಬೇಕಲ್ಲವ್ವ. ಮನೇಲೇ ಇಟ್ಕಂಡಿರೋರು ಯಾರವ್ರೆ?”

ಆನೆಯಾಗಿಯೇ ಬಿಟ್ಟಿದ್ದರೆ ಜಗಳವಾದರೂ ಆಡಬಹುದಿತ್ತು. ಅಜ್ಜಿ ಕೊಬ್ಬರಿ ಬೆಲ್ಲ ತಂದಳು. ಅಪ್ಪ ಈಚೆ, ಚಿಕ್ಕಪ್ಪ ಆಚೆ ಬಂದು ನಿಂತರು. ಇಬ್ಬರೂ ಚಪ್ಪಲಿ ಬಿಟ್ಟರು. ಈಗ ಮಾತಾಡುತ್ತಾರೆ, ಇನ್ನೇನು ಮಾತಾಡುತ್ತಾರೆ ಎಂದು ನಾನು ಕಾದೆ. ರಂಗಣ್ಣ ನೀರು ಹುಯ್ದ. ಸೊಂಡಿಲು ಕರಗಿ ಗರಿಕಡ್ಡಿ ಮಾತ್ರ ನಿಂತಿತು. ಇಬ್ಬರೂ ಕೊಬ್ಬರಿ ಬೆಲ್ಲ ಕಣ್ಣಿಗೊತ್ತಿಕೊಂಡು ಬಾಯಿಗೆ ಹಾಕಿಕೊಂಡರು, ಚಪ್ಪಲಿ ಮೆಟ್ಟಿ ತಂತಮ್ಮ ಬಾಗಿಲಿಗೆ ಹೋದರು. ಆ ಹಸಿ ಮರಳಿಗೇ ಸಿಮೆಂಟು ಸುರಿದು ರಂಗಣ್ಣ ಗಾರೆ ಕಲಸಿದ.

ಗಿರಿಜೆಯ ಮದುವೆಯ ವಾಲಗವನ್ನು ನಾನು ಗೋಡೆಯ ಈಚೆ ಕೂತು ಕೇಳಿದೆ. ಅವರು ಕರೆಯಲಿಲ್ಲ, ನಾವು ಹೋಗಲಿಲ್ಲ. ಈಗ ಯಾರ ಅಂಗಳದಲ್ಲೂ ಅಂಥ ಮರಳು ಬೀಳುವುದಿಲ್ಲ. ಕಲ್ಲು ಪುಡಿ ಮಾಡಿದ ಎಂ ಸ್ಯಾಂಡ್ ಬರುತ್ತದೆ, ಅದರಲ್ಲಿ ಚಿಪ್ಪು ಇರುವುದಿಲ್ಲ. ಮರಳು ಹೋದರೆ ಹಾಳಾಗಿ ಹೋಗಲಿ. ಗಿರಿಜೆಯನ್ನು ಕಳೆದುಕೊಂಡದ್ದನ್ನು ಮಾತ್ರ ನಾನು ಇವತ್ತಿಗೂ ಮರೆತಿಲ್ಲ. ಆ ಗೋಡೆಗೆ ಯಾರೂ ಗಿಲಾವು ಮಾಡಿಸಲಿಲ್ಲ. ತವರಿಗೆ ಹೋದಾಗ ನೋಡುತ್ತೇನೆ, ನಮ್ಮ ಕಡೆ ಇಟ್ಟಿಗೆಯ ಸಂದಿನ ಗಾರೆಯಲ್ಲಿ ಒಂದು ಕಪ್ಪೆಚಿಪ್ಪು ಬೆಳ್ಳಗೆ ಕಾಣುತ್ತದೆ.

ಹೋದ ವರ್ಷ ಕಿಬ್ಬನಹಳ್ಳಿಯಲ್ಲಿ ಬಸ್ಸಿಗೆ ಕಾಯುವಾಗ ಗಿರಿಜೆ ಸಿಕ್ಕಳು. ಕಂದಿಕೆರೆಗೆ ಹೊರಟಿದ್ದಳು, ಅದೇ ಅವಳ ಗಂಡನ ಊರು. ಚೆನ್ನಾಗಿದ್ದೀಯಾ, ಮಕ್ಕಳೇನು ಓದುತ್ತಿದ್ದಾರೆ ಎಂದು ದೂರದ ನೆಂಟರ ಹಾಗೆ ವಿಚಾರಿಸಿಕೊಂಡೆವು. ಅವಳ ಬಸ್ಸು ಬಂತು. ಹತ್ತಿ ಕೂತವಳು ಕಿಟಕಿಯಿಂದ ಬಗ್ಗಿ ಕೇಳಿದಳು.

“ನಮ್ ಕಡೆ ಕಣ್ಣು ಉದ್ರೋಯ್ತು ಕಣೇ. ನಿಮ್ ಕಡೇದು ಐತಾ?”

ಐತೆ ಎಂದೆ. ಬಸ್ಸು ಹೊರಟಿತ್ತು, ಅವಳಿಗೆ ಕೇಳಿಸಿತೋ ಇಲ್ಲವೋ.