ಅತ್ತೆಗೆ ತೋರಿಸಿದ ಕೋಶಗಳು

ತೊಂಬತ್ತರ ದಶಕದ ಆರಂಭ. ಕೋಶಗಳು ಯಾವಾಗ ಒಡೆದು ಎರಡಾಗಬೇಕು, ಯಾವಾಗ ತಡೆದು ನಿಲ್ಲಬೇಕು ಎಂಬುದನ್ನು ನಾನು ಮುಂಬಯಿಯ ಪ್ರಯೋಗಾಲಯವೊಂದರಲ್ಲಿ ಅಭ್ಯಾಸ ಮಾಡುತ್ತಿದ್ದೆ. ಆಗ ಧಾರವಾಡದ ಸೋದರತ್ತೆ ಅಲ್ಲಿನ ಸಯನ್ ಬಡಾವಣೆಯ ನಮ್ಮ ಮನೆಯಲ್ಲೇ ಇದ್ದರು. ಎದೆಯ ಗಡ್ಡೆಯ ಆಪರೇಷನ್ನಿಗೆ ಧೈರ್ಯವಾಗಿ ಹೋಗಿಬಂದಿದ್ದ ಆ ನಿವೃತ್ತ ಹೆಡ್‌ಮಿಸ್ಟ್ರೆಸ್, ಉಳಿದಿರಬಹುದಾದ ಕ್ಯಾನ್ಸರ್ ಕೋಶಗಳನ್ನು ಕೊಲ್ಲಲು ವಿಕಿರಣ ಚಿಕಿತ್ಸೆ ಎಂದೊಡನೆ ಹಟ ಹಿಡಿದು ಕೂತರು.

"ಆ ಕರೆಂಟ್ ನನಗ ಬ್ಯಾಡ. ಕೆಟ್ಟದ್ದರ ಜೋಡಿ ಚಲೋದೂ ಸುಡ್ತದ."

ಅಪ್ಪ ಬೇಡಿಕೊಂಡರು, ಡಾಕ್ಟರು ಗದರಿದರು. ನನಗೆ ಮಾತ್ರ ಅವರ ಶಂಕೆ ನ್ಯಾಯವಾದದ್ದೇ ಅನ್ನಿಸಿತು. ಅದಕ್ಕೆ ಉತ್ತರ ನನ್ನಲ್ಲಿತ್ತು. ಭಾನುವಾರ ಅವರನ್ನು ಟ್ಯಾಕ್ಸಿಯಲ್ಲಿ ಪ್ರಯೋಗಾಲಯಕ್ಕೆ ಕರೆದೊಯ್ದು ಮೈಕ್ರೋಸ್ಕೋಪಿನ ಮುಂದೆ ಕೂರಿಸಿದೆ.

"ಇವು ಯೀಸ್ಟ್ ಕೋಶ, ಅತ್ತಿ. ಎರಡೂ ತಟ್ಟೆಗೆ ನಿನ್ನೆ ನೇರಳಾತೀತ ಬೆಳಕು ಬಿಟ್ಟೇನಿ. ಒಳಗಿನ ಡಿಎನ್‌ಎ ಅಲ್ಲಲ್ಲಿ ಕೆಟ್ಟದ, ಆ ಕರೆಂಟೂ ಹಿಂಗs ಕೆಡಸ್ತದ. ಈ ಮೊದಲನೇ ತಟ್ಟೆಯವು ಒಡಿಯೋದು ನಿಲ್ಲಿಸಿ ಮೊದಲ ಅದನ್ನ ರಿಪೇರಿ ಮಾಡಿಕೊಂಡವು. ಆಮ್ಯಾಲೆ ಬೆಳದವು."

"ಇನ್ನೊಂದು?"

"ಅವು ಬ್ಯಾರೆ ತಳಿ, ಅವಕ್ಕ ನಿಲ್ಲೋದು ಗೊತ್ತಿಲ್ಲ. ಕೆಟ್ಟ ಡಿಎನ್‌ಎ ಇಟಗೊಂಡೇ ಒಡದವು, ಸತ್ತವು. ಗಡ್ಡಿಯ ಕೋಶಗಳೂ ಬಹಳಷ್ಟು ಹಿಂಗs."

ಅತ್ತೆ ಕನ್ನಡಕ ತೆಗೆದು ಮತ್ತೆ ಬಗ್ಗಿದರು. ಒಂದು ತಟ್ಟೆಯಲ್ಲಿ ದುಂಡಗಿನ ಕೋಶಗಳು ಗುಂಪುಗುಂಪಾಗಿ ಹಬ್ಬಿದ್ದವು; ಇನ್ನೊಂದರಲ್ಲಿ ನಾಲ್ಕಾರು ಸುಕ್ಕುಗಟ್ಟಿ ಬಿದ್ದಿದ್ದವು.

"ಚಲೋ ಕೋಶಕ್ಕ ರಿಪೇರಿ ಮಾಡಲಿಕ್ಕೆ ಟೈಮ್ ಸಾಕಾಗ್ತದೇನು?"

"ಅದಕ್ಕs ದಿನಾ ಸ್ವಲ್ಪಸ್ವಲ್ಪ ಕೊಡೋದು. ತ್ರಾಸಂತೂ ಆಗ್ತದ, ಸುಳ್ಳು ಹೇಳೂದಿಲ್ಲ."

"ಹಂಗಂದ್ರ ನಾಳೆ ಹೋಗೂಣು," ಎಂದು ಎದ್ದರು.

ತ್ರಾಸವಾಯಿತು. ಚರ್ಮ ಕೆಂಪಾಗಿ ಸುಲಿಯಿತು, ಊಟ ಸೇರುತ್ತಿರಲಿಲ್ಲ. "ನಿನ್ನ ಯೀಸ್ಟಿಗಿಷ್ಟು ಬೆಂಕಿ ಹಚ್ಚು!" ಎಂದು ನನ್ನನ್ನು ಬೈದದ್ದೂ ಉಂಟು. ಆದರೆ ಒಂದು ದಿನವೂ ತಪ್ಪಿಸಲಿಲ್ಲ.

ಚಿಕಿತ್ಸೆ ಮುಗಿಯುತ್ತ ಬಂದಾಗ, ಆಸ್ಪತ್ರೆಯ ಬೆಂಚಿನಲ್ಲಿ ಭಾಂಡುಪ್‌ನ ಹೆಂಗಸೊಬ್ಬಳು ಒಳಗೆ ಹೋಗಲು ಹೆದರಿ ಅಳುತ್ತಿದ್ದಳು. ಅತ್ತೆ ಪಕ್ಕದಲ್ಲಿ ಕೂತು ತಮ್ಮ ಹರಕುಮುರುಕು ಹಿಂದಿಯಲ್ಲಿ, ನಿಂತು ಉಳಿಯುವ, ನಿಲ್ಲದೆ ಸಾಯುವ ಕೋಶಗಳ ಪಾಠ ಶುರು ಮಾಡಿದರು: "ಅಚ್ಛಾವಾಲಾ ರುಕ್ತಾ ಹೈ, ರಿಪೇರಿ ಕರ್ತಾ ಹೈ. ಖರಾಬ್‌ವಾಲಾ ರುಕ್ತಾ ನಹೀ, ಮರ್ತಾ ಹೈ. ಸಮ್ಝಾ?"

ಆಕೆಗೆ ಎಷ್ಟು ತಿಳಿಯಿತೋ, ಅಳು ಮಾತ್ರ ನಿಂತಿತು. ಹೆಸರು ಕೂಗಿದಾಗ ಎದ್ದು ಒಳಗೆ ನಡೆದಳು.

ಅತ್ತೆಗೆ ಗಡ್ಡೆ ಮರಳಿ ಬರಲಿಲ್ಲ. ಮೈಯಲ್ಲಿ ಕಸುವು ಕೂಡಿದ ಮೇಲೆ ಧಾರವಾಡಕ್ಕೆ ಹೋಗಿ, ಓಣಿಯ ಹುಡುಗಿಯರಿಗೆ ಮತ್ತೆ ಪಾಠ ಹೇಳತೊಡಗಿದರು.